ಹೆಚ್ಚು ಮಾತಾಡದ ಅಪ್ಪನ ಬಗ್ಗೆ ಒಂದು ಪುಟ ಬರೆಯುವುದು ಹೇಗೆ?

ಅರ್ಧಪುಟ

ಅಪ್ಪ ಹೋಗಿ ಐದು ವಾರ ಆಯಿತು. ಇನ್ನು ಎರಡು ವಾರಕ್ಕೆ ಮನೆಯವರು, ನೆಂಟರು, ಅವರ ಜೊತೆ ಕೆಲಸ ಮಾಡಿದವರು ಎಲ್ಲ ಒಂದು ಕಡೆ ಸೇರುತ್ತಿದ್ದೇವೆ. ಅವತ್ತು ಅಪ್ಪನ ಬಗ್ಗೆ ಒಂದು ಪುಟ ಬರೆದು ಓದು ಅಂತ ಅಮ್ಮ ಹೇಳಿದ್ದಾರೆ. ಮನೆಯಲ್ಲಿ ಬರೆಯಲು ಬರುವುದು ನನಗೊಬ್ಬನಿಗೇ ಅಂತ ಎಲ್ಲರ ನಂಬಿಕೆ.

ಮೂರು ದಿನದಿಂದ ಕೂತಿದ್ದೇನೆ. ಬರೆದದ್ದು ಇಷ್ಟೇ: ನಮ್ಮ ತಂದೆ ಶ್ರಮಜೀವಿ, ಮಿತಭಾಷಿ, ಕುಟುಂಬಕ್ಕಾಗಿ ಬದುಕಿದವರು. ಇದನ್ನು ಯಾರ ಅಪ್ಪನ ಬಗ್ಗೆ ಬೇಕಾದರೂ ಓದಬಹುದು. ಹೆಸರು ಬದಲಾಯಿಸಿದರೆ ಸಾಕು.

ಅಪ್ಪ ಟರ್ನರ್. ಮೂವತ್ತೆರಡು ವರ್ಷ ಒಂದೇ ಕಾರ್ಖಾನೆಯಲ್ಲಿ ಲೇತ್ ಮುಂದೆ, ಅಂದರೆ ಲೋಹದ ತುಂಡನ್ನು ತಿರುಗಿಸಿ ಕಡೆಯುವ ಮಷಿನ್ ಮುಂದೆ ನಿಂತರು. ಪಂಪಿನೊಳಗೆ ತಿರುಗುವ ದಂಡ, ಶಾಫ್ಟ್, ಮಾಡುತ್ತಿದ್ದರು. ಮೂರು ಪಾಳಿ ಕೆಲಸ, ವಾರಕ್ಕೊಮ್ಮೆ ಪಾಳಿ ಬದಲು. ರಾತ್ರಿ ಪಾಳಿಯ ವಾರ ಅವರು ಹಗಲು ಮಲಗುತ್ತಿದ್ದರು, ನಾವು ತುದಿಗಾಲಲ್ಲಿ ಓಡಾಡುತ್ತಿದ್ದೆವು. ನಮ್ಮ ಮನೆಯಲ್ಲಿ ಮಾತು ಕಡಿಮೆ ಆಗಲು ಅದೂ ಒಂದು ಕಾರಣ ಇರಬಹುದು.

ಅವರು ಆಡಿದ ಮಾತು ಅಂತ ನೆನಪು ಮಾಡಿಕೊಂಡರೆ ಬರುವುದು ಮೂರು. ಹ್ಞೂಂ. ಆಗಲಿ. ನೋಡೋಣ. ಸಿಟ್ಟಿಲ್ಲ, ಹೊಡೆತ ಇಲ್ಲ, ಕುಡಿತ ಇಲ್ಲ, ಕಥೆಯೂ ಇಲ್ಲ. ಕಥೆಯೇ ಇಲ್ಲದ ಮನುಷ್ಯನ ಬಗ್ಗೆ ಏನು ಬರೆಯೋದು? ಯಾರಾದರೂ ಹೀಗೆ ಬರೆದಿದ್ದರೆ ಹೇಳಿ.

ಹಳೇಫಿಟ್ಟರ್

ತಮ್ಮಾ, ಟರ್ನರ್ ಬಗ್ಗೆ ಕಥೆ ಇಲ್ಲ ಅನ್ನಬೇಡ. ನೀನು ಬಾಯಿ ಹತ್ತಿರ ಹುಡುಕುತ್ತಿದ್ದೀಯ. ಕೈ ನೋಡು.

ನಾನು ಫಿಟ್ಟರ್, ಟರ್ನರ್ ಮಾಡಿಕೊಟ್ಟ ಭಾಗಗಳನ್ನು ಜೋಡಿಸುವವನು. ಟರ್ನರ್‌ಗಳ ಜೊತೆ ಜಗಳ ಆಡಿಕೊಂಡೇ ಆಯಸ್ಸು ಕಳೆದವನು. ಶಾಫ್ಟ್ ಮೇಲೆ ಬೇರಿಂಗ್ ಕೂರುವ ಜಾಗ ಇರುತ್ತದಲ್ಲ, ಅಲ್ಲಿ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಹೆಚ್ಚುಕಡಿಮೆ ಆದರೆ ಸಾಕು. ಬೇರಿಂಗ್ ಒಂದೋ ಒಳಗೆ ಹೋಗುವುದಿಲ್ಲ, ಇಲ್ಲ ಸಡಿಲವಾಗಿ ಸುತ್ತುತ್ತದೆ. ತಲೆಕೂದಲಿನ ದಪ್ಪವೇ ಸುಮಾರು 0.07 ಮಿಲಿಮೀಟರ್. ಅದರ ಕಾಲು ಭಾಗ ತಪ್ಪಿದರೂ ನಾನು ಶಾಫ್ಟ್ ವಾಪಸ್ ಕಳಿಸುತ್ತಿದ್ದೆ. ಒಳ್ಳೆಯ ಟರ್ನರ್ ಮೈಕ್ರೋಮೀಟರ್ ಇಟ್ಟು ಅಳೆಯುವ ಮೊದಲು ಉಗುರು ಎಳೆದು ನೋಡುತ್ತಾನೆ. ಕಣ್ಣಿಗೆ ಕಾಣದ ಮೆಟ್ಟಿಲು ಉಗುರಿಗೆ ಸಿಗುತ್ತದೆ.

ಮನೆಯಲ್ಲಿ ಇವು ಇದ್ದವಾ ನೆನಪು ಮಾಡಿಕೋ. ಉಂಗುರ, ಕೈಗಡಿಯಾರ ಹಾಕುತ್ತಿದ್ದರಾ? ಲೇತ್ ಮುಂದೆ ನಿಲ್ಲುವವನು ಹಾಕುವುದಿಲ್ಲ. ತುಂಡನ್ನು ಹಿಡಿದು ತಿರುಗುವ ಚಕ್‌ಗೆ ಸಿಕ್ಕಿಕೊಂಡರೆ ಬೆರಳು ಹೋಗುತ್ತದೆ. ಗ್ಲೌಸ್ ಕೂಡ ಹಾಕುವಂತಿಲ್ಲ. ಅಂಗಿಯ ತೋಳು ಮೇಲಕ್ಕೇ ಇರಬೇಕು. ಇನ್ನೊಂದು, ಚಕ್ ಕೀ. ಕಬ್ಬಿಣದ ತುಂಡನ್ನು ಚಕ್‌ನಲ್ಲಿ ಬಿಗಿ ಮಾಡುವ ಕೀ ಅದು. ಬಿಗಿ ಮಾಡಿದ ಕೂಡಲೇ ತೆಗೆಯಬೇಕು. ಮರೆತು ಮಷಿನ್ ಆನ್ ಮಾಡಿದರೆ ಎದುರಿಗಿದ್ದವನ ಮುಖಕ್ಕೇ ಹಾರುತ್ತದೆ. ಹೊಸ ಹುಡುಗರಿಗೆ ಮೊದಲ ದಿನ ಕಲಿಸುವುದೇ ಇದು: ಕೀ ಚಕ್‌ನಲ್ಲಿದ್ದರೆ ಕೈ ಕೀ ಮೇಲಿರಬೇಕು.

ದೊಡ್ಡಮಗಳು

ನಮ್ಮಪ್ಪ ಹೋಗಿ ಎಂಟು ವರ್ಷ. ಅವನೂ ಮಾತು ಕಡಿಮೆ. ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ನಾನೂ ನಿಮ್ಮ ಹಾಗೇ ಒದ್ದಾಡಿದ್ದೆ.

ನನ್ನ ತಪ್ಪು ಏನಾಗಿತ್ತು ಅಂದರೆ, ಸಿಕ್ಕವರನ್ನೆಲ್ಲ "ಅಪ್ಪ ಹೇಗಿದ್ದ?" ಅಂತ ಕೇಳಿದೆ. ಎಲ್ಲರೂ ಒಂದೇ ಉತ್ತರ ಕೊಟ್ಟರು. ತುಂಬಾ ಒಳ್ಳೆಯವನು. ಆಮೇಲೆ ಪ್ರಶ್ನೆ ಬದಲಾಯಿಸಿದೆ. ಕೆಲಸಕ್ಕೆ ಬಂದ ಕೂಡಲೇ ಮೊದಲು ಏನು ಮಾಡುತ್ತಿದ್ದ? ಯಾರ ಪಕ್ಕ ಕೂರುತ್ತಿದ್ದ? ಯಾವುದಕ್ಕೆ ನಗುತ್ತಿದ್ದ? ಆಗ ಬಂತು ನೋಡಿ. ಪೆನ್ಸಿಲ್ ಅರ್ಧ ಬೆರಳುದ್ದ ಆದಮೇಲೆ ಹಳೇ ಪೆನ್ನಿನ ಕ್ಯಾಪ್ ಸಿಕ್ಕಿಸಿ ಬರೆಯುತ್ತಿದ್ದನಂತೆ. ಹೊಸದಾಗಿ ಸೇರಿದವರು ಲೆಕ್ಕ ತಪ್ಪಿದರೆ ತಾನೇ ಸರಿ ಮಾಡಿ, ಮೇಲಿನವರಿಗೆ ಗೊತ್ತಾಗದ ಹಾಗೆ ಅವರ ಟೇಬಲ್ ಮೇಲೇ ಇಟ್ಟು ಬರುತ್ತಿದ್ದನಂತೆ. ಇಪ್ಪತ್ತು ವರ್ಷ ಜೊತೆಗಿದ್ದ ನನಗೆ ಅದು ಗೊತ್ತಿರಲಿಲ್ಲ.

ಇನ್ನೊಂದು ವಿಷಯ. ಅವರ ಫೋನನ್ನು ಯಾರಿಗೂ ಕೊಡಬೇಡಿ, ರೀಸೆಟ್ ಮಾಡಬೇಡಿ. ನಮ್ಮಪ್ಪ ದಿನಾ ಕೆಲಸಕ್ಕೆ ಹೋದಮೇಲೆ ಅಮ್ಮನಿಗೆ ಒಂದು ವಾಯ್ಸ್ ಮೆಸೇಜ್ ಕಳಿಸುತ್ತಿದ್ದ. ಎರಡೇ ಸೆಕೆಂಡು. "ತಲುಪಿದೆ." ಅಷ್ಟೇ. ನೂರಾರು ಇದ್ದವು. ಫೋನ್ ತುಂಬಿತು ಅಂತ ನಾನೇ ಕೂತು ಎಲ್ಲ ಅಳಿಸಿದೆ. ಅವನು ಹೋಗುವ ಮೂರು ತಿಂಗಳು ಮೊದಲು.

ಅರ್ಧಪುಟ

ಅಕ್ಕ, ಫೋನ್ ತೆಗೆದಿಟ್ಟೆ. ಅದರಲ್ಲಿ ಇರುವುದು ನಾಲ್ಕು ಫೋಟೋ. ನಾಲ್ಕೂ ಕರೆಂಟ್ ಮೀಟರಿನ ರೀಡಿಂಗ್.

ಫಿಟ್ಟರ್ ಸರ್, ನಿಮ್ಮ ಉತ್ತರ ಓದಿ ಬಾಗಿಲ ಹತ್ತಿರ ಹೋಗಿ ಸುಮ್ನೆ ನಿಂತೆ. ನಮ್ಮ ಮನೆಯಲ್ಲಿ ಬೀರುವಿನ ಬೀಗದಲ್ಲಿ ಕೀ ಬಿಡುವಂತೆಯೇ ಇರಲಿಲ್ಲ. ತೆರೆದ ಕೂಡಲೇ ಅಪ್ಪ ಕೀ ತೆಗೆದು ಮೊಳೆಗೆ ಹಾಕುತ್ತಿದ್ದರು. ನಾವು ಬಿಟ್ಟರೆ ಏನೂ ಅನ್ನದೆ ಬಂದು ತೆಗೆಯುತ್ತಿದ್ದರು. ಸ್ಕೂಟರ್ ಕೀ ಕೂಡ ಅಷ್ಟೇ. ಅಪ್ಪನಿಗೆ ಕಳ್ಳರ ಭಯ ಅಂತ ನಾವು ಮಕ್ಕಳು ನಗುತ್ತಿದ್ದೆವು. ಮೂವತ್ತು ವರ್ಷ ನಕ್ಕಿದ್ದೇವೆ!

ಗಡಿಯಾರದ್ದೂ ನಿಜ. ನನ್ನ ಮೊದಲ ಸಂಬಳದಲ್ಲಿ ಒಂದು ತಂದುಕೊಟ್ಟಿದ್ದೆ. ಒಂದು ದಿನವೂ ಕೈಗೆ ಕಟ್ಟಲಿಲ್ಲ, ಅಂಗಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಇಷ್ಟ ಆಗಲಿಲ್ಲ ಅಂತ ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ಕೇಳಬಹುದಿತ್ತು. ಕೇಳಲಿಲ್ಲ.

ಹಳೇಫಿಟ್ಟರ್

ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದರಲ್ಲ. ಬೀರುವಿನಲ್ಲಿ ಇಡಲಿಲ್ಲ. ಮತ್ತೇನು ಬೇಕು ನಿನಗೆ?

ನಿಧಾನಿ

ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ಐದು ವಾರಕ್ಕೇ ಬರೆಯಲು ಕೂತಿದ್ದು ತುಂಬಾ ಬೇಗ ಅನಿಸುತ್ತದೆ. ದುಃಖಕ್ಕೆ ಐದು ಹಂತ ಇರುತ್ತವೆ. ನೀವು ಇನ್ನೂ ಮೊದಲನೇ ಹಂತದಲ್ಲಿ ಇರಬಹುದು. ಐದೂ ದಾಟಲಿ, ಆಮೇಲೆ ಬರವಣಿಗೆ ತಾನಾಗೇ ಬರುತ್ತದೆ.

ದೊಡ್ಡಮಗಳು

ನಿಧಾನಿಯವರೇ, ಬೇಜಾರು ಮಾಡಿಕೊಳ್ಳಬೇಡಿ. ನಾನು ನರ್ಸ್, ಹಾಗಾಗಿ ಹೇಳುತ್ತಿದ್ದೇನೆ. ಆ ಐದು ಹಂತ 1969ರಲ್ಲಿ ಎಲಿಸಬೆತ್ ಕೂಬ್ಲರ್-ರಾಸ್ ಅನ್ನುವ ಮನೋವೈದ್ಯೆ ಹೇಳಿದ್ದು. ಅವರು ಮಾತಾಡಿಸಿದ್ದು ತಾವೇ ಸಾಯಲಿರುವ ರೋಗಿಗಳನ್ನು. ಹಿಂದೆ ಉಳಿದವರನ್ನಲ್ಲ. ಆಮೇಲೆ ಅದನ್ನು ಎಲ್ಲರ ದುಃಖಕ್ಕೂ ಅಂಟಿಸಿಬಿಟ್ಟರು. ಮೆಟ್ಟಿಲು ಹತ್ತಿದ ಹಾಗೆ ಒಂದಾದಮೇಲೆ ಒಂದು ಬರುತ್ತದೆ ಅಂತ ಕಾಯಬೇಕಾಗಿಲ್ಲ.

1999ರಲ್ಲಿ ಮಾರ್ಗರೆಟ್ ಸ್ಟ್ರೋಬ್, ಹೆಂಕ್ ಶುಟ್ ಅಂತ ಇಬ್ಬರು ಸಂಶೋಧಕರು ಬೇರೆ ಥರ ಹೇಳಿದರು. ದುಃಖದಲ್ಲಿರುವವರು ಉಯ್ಯಾಲೆ ಹಾಗೆ ಅತ್ತ ಇತ್ತ ತೂಗುತ್ತಾರೆ, ಒಂದು ಸಲ ಹೋದವರ ಕಡೆ, ಒಂದು ಸಲ ನಾಳೆಯ ಕೆಲಸದ ಕಡೆ. ಬೆಳಿಗ್ಗೆ ಪೆನ್ಷನ್ ಕಾಗದ ತುಂಬಿ, ಮಧ್ಯಾಹ್ನ ಅತ್ತು, ಸಂಜೆ ನಲ್ಲಿ ರಿಪೇರಿ ಮಾಡಿಸಿದರೆ ಅದು ಕಲ್ಲುಮನಸ್ಸಲ್ಲ. ನನಗೆ ಹಾಗೇ ಆಗಿತ್ತು. ಅರ್ಧಪುಟ ಅವರೇ, ಬರೆಯಿರಿ. ಬೇಗ ಏನೂ ಆಗಿಲ್ಲ.

ಒಗರು

ನನ್ನದು ಸ್ವಲ್ಪ ಕಹಿ ಮಾತು. ಹಿಡಿಸದಿದ್ದರೆ ಬಿಟ್ಟುಬಿಡಿ.

ನಮ್ಮಪ್ಪನೂ ಮೌನಿ, ದುಡಿಮೆಗಾರ. ಸತ್ತಾಗ ಎಲ್ಲರೂ ದೇವರಂಥ ಮನುಷ್ಯ ಅಂದರು. ಆದರೆ ಅವರು ಮಾತಾಡದೆ ಉಳಿಸಿದ ಮಾತನ್ನೆಲ್ಲ ಬೇರೆ ಯಾರೋ ಆಡಬೇಕಾಯಿತಲ್ಲ, ಅದು ನಮ್ಮಮ್ಮ. ಸಾಲಗಾರರ ಹತ್ತಿರ ಮಾತು, ಮೇಷ್ಟ್ರ ಹತ್ತಿರ ಮಾತು, ನಮಗೆ ಬೈಗುಳ, ನೆಂಟರಿಗೆ ಸಮಜಾಯಿಷಿ, ಎಲ್ಲ ಅಮ್ಮನದೇ. ಕೊನೆಗೆ ಅಮ್ಮನಿಗೆ ಬಾಯಿ ಜಾಸ್ತಿ ಅಂತ ಹೆಸರು. ಅಪ್ಪನಿಗೆ ಸಾಧು ಅಂತ ಹೆಸರು.

ನಿಮ್ಮ ತಂದೆ ಹಾಗೆ ಅಂತ ನಾನು ಹೇಳುತ್ತಿಲ್ಲ. ಬರೆಯುವಾಗ ಮೌನವನ್ನು ಹೂವು ಹಾಕಿ ಅಲಂಕಾರ ಮಾಡಬೇಡಿ, ಅಷ್ಟೇ. ನಿಮ್ಮ ತಾಯಿ ಎದುರಿಗೇ ಕೂತಿರುತ್ತಾರೆ. ಆ ಮೌನದ ಜೊತೆ ಸಂಸಾರ ಮಾಡಿದವರು ಅವರು.

ಅರ್ಧಪುಟ

ಒಗರು ಅವರೇ, ಬಿಡುವ ಮಾತಲ್ಲ ಇದು. ರಾತ್ರಿ ನಿದ್ದೆ ಬರಲಿಲ್ಲ. ನಮ್ಮಮ್ಮನಿಗೂ ಬಾಯಿ ಜಾಸ್ತಿ ಅಂತಲೇ ಹೆಸರು.

ಇನ್ನೊಂದು ತಲೆನೋವು. ನಾನೂ ತಮ್ಮನೂ ಸೇರಿ ಬರೆಯೋಣ ಅಂತ ಕೂತರೆ ನೆನಪುಗಳೇ ಹೊಂದುತ್ತಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವದಲ್ಲಿ ನಾಟಕ ಮಾಡಿದ್ದೆ. ಅಪ್ಪ ಬರಲಿಲ್ಲ. ಇದು ನನಗೆ ಚೆನ್ನಾಗಿ ನೆನಪಿದೆ. ಅಮ್ಮನ ಪಕ್ಕದ ಖಾಲಿ ಕುರ್ಚಿ ಸಮೇತ ನೆನಪಿದೆ. ತಮ್ಮ ಹೇಳುತ್ತಾನೆ, ಅಪ್ಪ ಬಂದಿದ್ದರು, ಕೆಲಸದ ಬಟ್ಟೆಯಲ್ಲೇ ಹಿಂದೆ ಬಾಗಿಲ ಹತ್ತಿರ ನಿಂತಿದ್ದರು, ತಾನೇ ಹೋಗಿ ಕೈ ಹಿಡಿದುಕೊಂಡೆ ಅಂತ. ಅವನಿಗೆ ಆಗ ಆರು ವರ್ಷ. ಅಮ್ಮನಿಗೆ ನೆನಪಿಲ್ಲ. ನಾನು ಸುಳ್ಳು ಹೇಳುತ್ತಿಲ್ಲ, ಅವನೂ ಹೇಳುತ್ತಿಲ್ಲ.

ಕಾಗದದಹುಳು

ನಾನು ಹಳೇ ದಾಖಲೆ ಇಡುವ ಕಡೆ ಕೆಲಸ ಮಾಡುತ್ತೇನೆ. ಇಂಥ ಜಗಳ ದಿನಾ ನೋಡುತ್ತೇವೆ. ಫ್ರೆಡೆರಿಕ್ ಬಾರ್ಟ್ಲೆಟ್ ಅನ್ನುವ ಮನಶ್ಶಾಸ್ತ್ರಜ್ಞ 1932ರಲ್ಲೇ ತೋರಿಸಿದ್ದರು. ನೆನಪು ಪೆಟ್ಟಿಗೆಯಿಂದ ತೆಗೆದ ಫೋಟೋ ಅಲ್ಲ. ನೆನೆದಾಗಲೆಲ್ಲ ಅದನ್ನು ಹೊಸದಾಗಿ ಕಟ್ಟುತ್ತೇವೆ. ಖಾಲಿ ಕುರ್ಚಿ ನಿಜ ಇರಬಹುದು, ಬಾಗಿಲ ಹತ್ತಿರ ನಿಂತಿದ್ದೂ ನಿಜ ಇರಬಹುದು. ಇಲ್ಲಾ ಎರಡೂ ಆಮೇಲೆ ಸೇರಿಕೊಂಡಿರಬಹುದು.

ಅವರ ಕೈಬರಹ ಏನಾದರೂ ಇದೆಯಾ? ಡೈರಿ, ಚೀಟಿ, ಲೆಕ್ಕದ ಪುಸ್ತಕ?

ಅರ್ಧಪುಟ

ಡೈರಿ ಅನ್ನುವಂಥದ್ದು ಇಲ್ಲ. ಟೂಲ್ ಬಾಕ್ಸಿನ ತಳದಲ್ಲಿ ಅಂಗೈ ಅಗಲದ ಪಾಕೆಟ್ ಪುಸ್ತಕಗಳು ಇವೆ, ಹನ್ನೊಂದು. ಎಣ್ಣೆ ಕಲೆ ತುಂಬಾ. ಬರೀ ತಾರೀಕು, ಪಕ್ಕದಲ್ಲಿ ಒಂದು ಅಂಕಿ. 1, 2, ಇಲ್ಲಾ 3. ಕೆಲವಕ್ಕೆ ಸುತ್ತು ಹಾಕಿದೆ. ಅಲ್ಲಲ್ಲಿ ಬ ಅಂತ ಒಂದೇ ಅಕ್ಷರ. ಬೇರೆ ಒಂದು ಪದವೂ ಇಲ್ಲ. ಎಸೆಯೋಣ ಅಂತ ಇದ್ದೆವು.

ಹಳೇಫಿಟ್ಟರ್

ಎಸೆಯಬೇಡ!!

ಅದು ಪಾಳಿ ಲೆಕ್ಕ. 1 ಬೆಳಗಿನದು, 2 ಮಧ್ಯಾಹ್ನದ್ದು, 3 ರಾತ್ರಿಯದು. ಸುತ್ತು ಹಾಕಿದ್ದು ಓಟಿ, ಅಂದರೆ ಹೆಚ್ಚುವರಿ ಹೊತ್ತಿನ ಕೆಲಸ ಇರಬೇಕು. ಸಂಬಳದ ದಿನ ತಾಳೆ ನೋಡಲು ನಾವೆಲ್ಲ ಹೀಗೇ ಬರೆದಿಡುತ್ತಿದ್ದೆವು. ಬ ಅಂದರೆ ಬದಲಿ. ನನಗೆ ನಾಳೆ ಬರಲಾಗುವುದಿಲ್ಲ ಅಂದರೆ ಇನ್ನೊಬ್ಬನ ಹತ್ತಿರ ಪಾಳಿ ಬದಲಾಯಿಸಿಕೊಳ್ಳುವುದು. ರಜೆ ಹಾಕಿದರೆ ಸಂಬಳ ಹೋಗುತ್ತದೆ. ಬದಲಿ ಮಾಡಿಕೊಂಡರೆ ಸಂಬಳ ಉಳಿಯುತ್ತದೆ, ಆದರೆ ಅವನ ಪಾಳಿಯನ್ನು ನಾವು ತೀರಿಸಬೇಕು. ಎಷ್ಟೋ ಸಲ ಎರಡು ಪಾಳಿ ಒಟ್ಟಿಗೆ ಬೀಳುತ್ತದೆ, ಹದಿನಾರು ಗಂಟೆ ನಿಂತೇ ಇರಬೇಕು. ಸಾಲದ ಹಾಗೆ, ಅದಕ್ಕೇ ಬರೆದಿಡುವುದು. ಪ್ರತಿ ಬ ಹಿಂದೆ ಮನೆಯಲ್ಲಿ ಏನೋ ನಡೆದಿರುತ್ತದೆ. ತಾರೀಕು ಹಿಡಿದು ನೋಡು.

ಕಾಗದದಹುಳು

ನೋಡುವ ಮೊದಲು ಪುಸ್ತಕಗಳಿಗೆ ಒಂದಿಷ್ಟು ಮಾಡಿ. ರಬ್ಬರ್ ಬ್ಯಾಂಡ್, ಪಿನ್ನು ಇದ್ದರೆ ತೆಗೆಯಿರಿ. ರಬ್ಬರ್ ಕರಗಿ ಕಾಗದಕ್ಕೆ ಅಂಟುತ್ತದೆ, ಪಿನ್ನು ತುಕ್ಕು ಹಿಡಿಯುತ್ತದೆ. ಹರಿದ ಹಾಳೆಗೆ ಸೆಲ್ಲೋಟೇಪ್ ಹಾಕಲೇಬೇಡಿ, ವರ್ಷ ಕಳೆದ ಮೇಲೆ ಅದರ ಅಂಟು ಹಳದಿ ಆಗಿ ಅಕ್ಷರವನ್ನೇ ತಿನ್ನುತ್ತದೆ. ಕಿಟಕಿ ಬೆಳಕಿನಲ್ಲಿ ಒಂದೊಂದೇ ಪುಟದ ಫೋಟೋ ತೆಗೆದು, ಎರಡು ಬೇರೆ ಬೇರೆ ಕಡೆ ಉಳಿಸಿ. ಪುಸ್ತಕಗಳನ್ನು ಅಟ್ಟಕ್ಕೆ ಹಾಕಬೇಡಿ. ಬಿಸಿಯೂ ತೇವವೂ ಇಲ್ಲದ ಒಳಗಿನ ಬೀರುವಿನಲ್ಲಿರಲಿ.

ಹಳೇ ಫೋಟೋಗಳ ಹಿಂದೆ ಹೆಸರು ಬರೆಯುವುದಿದ್ದರೆ ಮೆತ್ತನೆ ಪೆನ್ಸಿಲ್ ಬಳಸಿ, ಅಂಚಿನಲ್ಲಿ ಹಗುರವಾಗಿ. ಬಾಲ್‌ಪೆನ್ ಒತ್ತಿದರೆ ಮುಂದೆ ಗೆರೆ ಮೂಡುತ್ತದೆ. ಅಂಟಿನ ಪುಟಗಳ ಆಲ್ಬಮ್ ಇದ್ದರೆ ಅದರಿಂದ ಎಳೆದು ಕೀಳಬೇಡಿ, ಇದ್ದಲ್ಲೇ ಫೋಟೋ ತೆಗೆಯಿರಿ. ಅಮ್ಮನನ್ನು ಕೂರಿಸಿಕೊಂಡು ಈ ಕೆಲಸ ಮಾಡಿ. ಫೋನಿನಲ್ಲಿ ರೆಕಾರ್ಡಿಂಗ್ ಆನ್ ಇರಲಿ, ಅವರಿಗೆ ಹೇಳಿಯೇ ಆನ್ ಮಾಡಿ. ಅಮೆರಿಕದಲ್ಲಿ 2003ರಿಂದ ಸ್ಟೋರಿಕಾರ್ಪ್ಸ್ ಅನ್ನುವವರು ಮಾಡುತ್ತಿರುವುದೂ ಇದೇ. ಹತ್ತಿರದವರು ಇಬ್ಬರು ಎದುರುಬದುರು ಕೂತು ನಲವತ್ತು ನಿಮಿಷ ಮಾತಾಡುತ್ತಾರೆ, ಅಷ್ಟೇ. ದೊಡ್ಡ ದೊಡ್ಡ ಮನುಷ್ಯರಲ್ಲ, ನಮ್ಮ ನಿಮ್ಮಂಥವರು.

ಅರ್ಧಪುಟ

ಎರಡು ದಿನ ಕೂತೆವು. ಹನ್ನೊಂದು ಪುಸ್ತಕದಲ್ಲಿ ಒಟ್ಟು ಅರವತ್ತನಾಲ್ಕು ಬ.

ಹತ್ತೊಂಬತ್ತು ಗೊತ್ತಾಯಿತು. ಅಮ್ಮನ ಆಪರೇಷನ್ನಿಗೆ ಮೂರು. ನನಗೆ ಟೈಫಾಯ್ಡ್ ಬಂದಾಗ ಸಾಲಾಗಿ ನಾಲ್ಕು, ಅದಾದ ಮುಂದಿನ ತಿಂಗಳು ಒಂದೇ ತಾರೀಕಿಗೆ 1 ಮತ್ತು 2, ಹೀಗೆ ನಾಲ್ಕು ದಿನ. ತೀರಿಸಿದ್ದಾರೆ. ತಮ್ಮನ ಹತ್ತನೇ ಕ್ಲಾಸಿನ ಪರೀಕ್ಷೆಯ ಪ್ರತಿ ದಿನ ಒಂದು. ಅವನನ್ನು ಸ್ಕೂಟರಿನಲ್ಲಿ ಬಿಟ್ಟು, ಮುಗಿಯುವವರೆಗೆ ಗೇಟಿನ ಹೊರಗೆ ನಿಂತು ಕರೆದುಕೊಂಡು ಬರುತ್ತಿದ್ದರು. ಅಪ್ಪನಿಗೆ ಆ ವಾರ ರಾತ್ರಿ ಪಾಳಿ ಇತ್ತು, ಹಗಲು ಬಿಡುವಿತ್ತು ಅಂತ ತಮ್ಮ ಇಲ್ಲಿವರೆಗೂ ಅಂದುಕೊಂಡಿದ್ದ.

ಉಳಿದ ನಲವತ್ತೈದು ಗೊತ್ತಿಲ್ಲ. ಅಮ್ಮನಿಗೂ ಗೊತ್ತಿಲ್ಲ.

ನಾಟಕದ ದಿನದ್ದು ನೋಡಿದೆ. ಬ ಇಲ್ಲ, 3 ಇದೆ. ಅಂದರೆ ರಾತ್ರಿ ಪಾಳಿ. ಸಂಜೆ ಬರಬಹುದಿತ್ತು. ಬಂದರು ಅಂತಲೂ ಅಲ್ಲ, ಬರಲಿಲ್ಲ ಅಂತಲೂ ಅಲ್ಲ. ತಮ್ಮ ಗೆದ್ದೆ ಅನ್ನುತ್ತಿದ್ದಾನೆ. ನಾನು ಒಪ್ಪಿಲ್ಲ.

ಕಿವಿಮಾತು

ಎಲ್ಲ ಓದುತ್ತಾ ಬಂದೆ. ನಾನು ಕಿವಿ ಪರೀಕ್ಷೆ ಮಾಡುವವಳು, ಆಡಿಯಾಲಜಿಸ್ಟ್. ಒಂದು ಪ್ರಶ್ನೆ ಕೇಳಲೇ? ನಿಮ್ಮ ತಂದೆ ಮೊದಲಿನಿಂದಲೂ ಮಾತು ಕಡಿಮೆಯಾ, ಇಲ್ಲಾ ಬರ್ತಾ ಬರ್ತಾ ಕಡಿಮೆ ಆಯಿತಾ?

ಯಾಕೆ ಕೇಳಿದೆ ಅಂದರೆ, ಮೂವತ್ತೆರಡು ವರ್ಷ ಕಾರ್ಖಾನೆ ಅಂದಿರಿ. ಒಂದು ಲೇತಿನ ಸದ್ದು ಅಲ್ಲ, ಸುತ್ತ ಪ್ರೆಸ್, ಗ್ರೈಂಡರ್, ಕಂಪ್ರೆಸರ್ ಎಲ್ಲ ಸೇರಿದ ಸದ್ದು. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ, ಕಿವಿ ಉಳಿಯಲು ನಾವು ಹೇಳುವ ಮಿತಿ ಅದು. ಅಲ್ಲಿಂದ ಮೂರು ಡೆಸಿಬಲ್ ಏರಿದರೆ ಆ ಹೊತ್ತು ಅರ್ಧ ಆಗಬೇಕು. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡೇ ಗಂಟೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರುವವನ ಜೊತೆ ದನಿ ಎತ್ತಿ ಮಾತಾಡಬೇಕಾಯಿತು ಅಂದರೆ ಆ ಜಾಗ ಮಿತಿ ದಾಟಿದೆ ಅಂತಲೇ ಲೆಕ್ಕ. ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಕಣಗಳು ಕಿವಿಗೆ ಸುಮಾರು 15,000 ಇರುತ್ತವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಇದು ಒಮ್ಮೆಗೇ ಕಿವುಡು ಅಲ್ಲ. ಮೊದಲು ಹೋಗುವುದು ಎತ್ತರದ ಶ್ರುತಿಯ, ಅಂದರೆ ಕೀರಲು ದನಿ, 4,000 ಹರ್ಟ್ಸ್ ಆಸುಪಾಸಿನದು. ಅ, ಓ, ಉ ಇವೆಲ್ಲ ಚೆನ್ನಾಗಿ ಕೇಳುತ್ತವೆ. ಸ, ಶ, ತ, ಫ ಇಂಥವು ಜಾರಿಹೋಗುತ್ತವೆ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಹೆಂಗಸರ, ಮಕ್ಕಳ ದನಿ ಇನ್ನೂ ಕಷ್ಟ. ನಾಲ್ಕು ಜನ ಸೇರಿದರೆ ಪೂರ್ತಿ ಗೋಜಲು. ಎರಡು ಸಲ "ಏನು?" ಅಂತ ಕೇಳಬಹುದು, ಮೂರನೇ ಸಲ ನಾಚಿಕೆ ಆಗುತ್ತದೆ. ಆಮೇಲೆ ಜನ ಒಂದು ಉಪಾಯ ಕಂಡುಕೊಳ್ಳುತ್ತಾರೆ. ಏನು ಹೇಳಿದರೂ ಹೊಂದುವಂಥ ಉತ್ತರ ಕೊಡುವುದು.

ಹ್ಞೂಂ. ಆಗಲಿ. ನೋಡೋಣ.

ಎದುರಿಗಿಲ್ಲದ ಮನುಷ್ಯನಿಗೆ ನಾನು ಇದೇ ಕಾಯಿಲೆ ಅಂತ ಹೇಳುವಂತಿಲ್ಲ. ಸ್ವಭಾವವೂ ಇರಬಹುದು. ಆದರೆ ಮನೆಯಲ್ಲಿ ಕೇಳಿ ನೋಡಿ. ಟಿವಿ ಸದ್ದು ಜಾಸ್ತಿ ಇಡುತ್ತಿದ್ದರಾ? ಮಾತಾಡುವವರ ಬಾಯಿ ನೋಡುತ್ತಿದ್ದರಾ? ಬೆನ್ನ ಹಿಂದಿನಿಂದ ಕರೆದರೆ ತಿರುಗುತ್ತಿದ್ದರಾ?

ಹಳೇಫಿಟ್ಟರ್

ಅಮ್ಮಾ, ನೀವು ನನ್ನ ಬಗ್ಗೆ ಬರೆದ ಹಾಗಿದೆ.

ನಮ್ಮ ಶೆಡ್ಡಿನಲ್ಲಿ ಮಾತೇ ಇರಲಿಲ್ಲ, ಎಲ್ಲ ಕೈಸನ್ನೆ. ಕಿವಿಗೆ ಹಾಕಲು ಪ್ಲಗ್ ಕೊಟ್ಟಿದ್ದರು, ನಾವು ಹಾಕುತ್ತಿರಲಿಲ್ಲ. ಹಾಕಿದರೆ ಟೂಲ್ ಕಚ್ಚಿದ್ದು ಗೊತ್ತಾಗುವುದಿಲ್ಲ. ಮಷಿನಿನ ದನಿ ಬದಲಾದರೆ ಅರ್ಧ ಸೆಕೆಂಡಿನಲ್ಲಿ ನಿಲ್ಲಿಸಬೇಕು. ಕಿವಿಯಿಂದಲೇ ಕೆಲಸ ಮಾಡುತ್ತಿದ್ದೆವು, ಕಿವಿಯನ್ನೇ ಕಳೆದುಕೊಂಡೆವು. ಮೊಮ್ಮಗಳು ಮಾತಾಡಿದರೆ ನನಗೆ ಹಕ್ಕಿ ಕೂಗಿದ ಹಾಗೆ ಕೇಳಿಸುತ್ತದೆ. ಚೆಂದ ಇದೆ, ಆದರೆ ಒಂದು ಪದವೂ ಇಲ್ಲ. ಅದಕ್ಕೇ ಇಲ್ಲಿ ಬಂದು ಬರೆಯುತ್ತೇನೆ. ಇಲ್ಲಿ ಎಲ್ಲರೂ ಹೇಳಿದ್ದು ಪೂರ್ತಿ ಕೇಳಿಸುತ್ತದೆ.

ಕಿವಿಮಾತು

ಯಜಮಾನರೇ, ಒಂದು ಸಲ ಪರೀಕ್ಷೆ ಮಾಡಿಸಿಕೊಳ್ಳಿ. ಹೋದ ಕಣಗಳನ್ನು ತರಲಾಗುವುದಿಲ್ಲ, ಆದರೆ ಮೊಮ್ಮಗಳ ಮಾತಿಗೆ ಹಿಯರಿಂಗ್ ಏಡ್ ಒಂದಿಷ್ಟು ನೆರವಾಗುತ್ತದೆ. ಮನೆಯವರಿಗೂ ಹೇಳಿ. ಕಿರುಚಬೇಡಿ, ಕಿರುಚಿದರೆ ಅಕ್ಷರ ಇನ್ನೂ ಕಲಸುತ್ತದೆ. ಎದುರಿಗೆ ಬಂದು, ಬೆಳಕಿನಲ್ಲಿ, ಬಾಯಿ ಕಾಣುವ ಹಾಗೆ ನಿಧಾನವಾಗಿ ಮಾತಾಡಿ.

ಅರ್ಧಪುಟ

ನಾಲ್ಕು ದಿನ ಇಲ್ಲಿಗೆ ಬಂದಿರಲಿಲ್ಲ.

ಅಮ್ಮನನ್ನು ಕೇಳಿದೆ. ಟಿವಿ ವಿಷಯ ನನಗೇ ಗೊತ್ತಿತ್ತು, ದಿನಾ ಅದಕ್ಕೆ ಜಗಳ ಇತ್ತು. ಬೆನ್ನ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಲಕ್ಷ್ಯ ಇಲ್ಲ ಅಂತ ಅಮ್ಮ ಬೈಯುತ್ತಿದ್ದರು. ಮೊದಲಿನಿಂದಲೂ ಮಾತು ಕಡಿಮೆಯಾ ಅಂತ ಕೇಳಿದಾಗ ಅಮ್ಮ ತುಂಬಾ ಹೊತ್ತು ಸುಮ್ಮನಿದ್ದರು.

ಆಮೇಲೆ ಹೇಳಿದರು. ಮದುವೆಯಾದ ಹೊಸದರಲ್ಲಿ ಅಪ್ಪ ಮಾತಾಡುತ್ತಿದ್ದರಂತೆ. ಹಗಲು ಅಲ್ಲ. ರಾತ್ರಿ ಲೈಟ್ ಆರಿಸಿ ಮಲಗಿದ ಮೇಲೆ. ಕಾರ್ಖಾನೆಯ ವಿಷಯ, ಅವರಮ್ಮನ ವಿಷಯ, ಚಿಕ್ಕವರಿದ್ದಾಗ ಕೆರೆಯಲ್ಲಿ ಮುಳುಗಿ ಬದುಕಿದ್ದು, ಹೀಗೆ. ಕತ್ತಲಲ್ಲಿ ಮಾತಾಡುವುದು ಅವರಿಗೆ ಸುಲಭ ಆಗುತ್ತಿತ್ತು ಅಂತ ಕಾಣುತ್ತದೆ. ಏಳೆಂಟು ವರ್ಷ ಹಾಗೇ ನಡೆಯಿತಂತೆ. ಆಮೇಲೆ ಕಡಿಮೆ ಆಯಿತು. ಅಮ್ಮ ಏನಾದರೂ ಹೇಳಿದರೆ ಉತ್ತರವೇ ಬರುತ್ತಿರಲಿಲ್ಲ. ನಿದ್ದೆ ಬಂದಿದೆ ಅಂತ ಮೊದಲು ಅಂದುಕೊಂಡರು. ಆಮೇಲೆ ನನ್ನ ಮಾತು ಬೇಡವಾಗಿದೆ ಅಂತ ಅಂದುಕೊಂಡರು. ಒಂದು ದಿನ ತಾವೂ ನಿಲ್ಲಿಸಿಬಿಟ್ಟರು. ಯಾವ ವರ್ಷ ಅಂತಲೂ ಅಮ್ಮನಿಗೆ ನೆನಪಿದೆ.

ಕಿವಿಮಾತು ಅವರು ಬರೆದದ್ದನ್ನು ಓದಿ ಹೇಳಿದೆ. ಬಾಯಿ ನೋಡಿ ಮಾತು ಹಿಡಿಯುವವರಿಗೆ ಕತ್ತಲಲ್ಲಿ ಏನೂ ಸಿಗುವುದಿಲ್ಲ ಅಂತ. ಇದೇ ನಿಜ ಅಂತ ಯಾರೂ ಹೇಳಲಾಗುವುದಿಲ್ಲ ಅಂತಲೂ ಹೇಳಿದೆ. ಅಮ್ಮ ಪುಸ್ತಕಗಳನ್ನೆಲ್ಲ ಜೋಡಿಸಿ ಡಬ್ಬಿಗೆ ಹಾಕುತ್ತಿದ್ದರು. ಕೈ ನಿಲ್ಲಿಸದೆ ಹೇಳಿದರು:

"ಹಾಗಾದ್ರೆ ಲೈಟ್ ಹಾಕಬಹುದಿತ್ತು."

ಒಗರು

ನಾನು ಬರೆದದ್ದನ್ನು ಇನ್ನೊಂದು ಸಲ ಓದಿದೆ. ವಾಪಸ್ ತೆಗೆದುಕೊಳ್ಳುವುದಿಲ್ಲ, ನಮ್ಮಮ್ಮನ ಮಟ್ಟಿಗೆ ಅದು ನಿಜ. ಆದರೆ ನಮ್ಮಪ್ಪ ಏನು ಕೆಲಸ ಮಾಡುತ್ತಿದ್ದರು ಅಂತ ನಾನಿಲ್ಲಿ ಹೇಳಿರಲಿಲ್ಲ. ಕಲ್ಲು ಕ್ವಾರಿಯಲ್ಲಿ ಡ್ರಿಲ್ ಹಿಡಿಯುತ್ತಿದ್ದರು.

ದೊಡ್ಡಮಗಳು

ಅರ್ಧಪುಟ ಅವರೇ, ಅಮ್ಮನ ಜೊತೆ ಇರಿ. ಪುಟ ಹೇಗಾದರೂ ಆಗುತ್ತದೆ.

ಅರ್ಧಪುಟ

ಕೂಟ ಮುಗಿಯಿತು. ನಿನ್ನೆ.

ಬರೆದದ್ದು ಪೂರ್ತಿ ಇಲ್ಲಿ ಹಾಕುವುದಿಲ್ಲ. ಒಂದು ಪುಟವೂ ಆಗಲಿಲ್ಲ. ಶ್ರಮಜೀವಿ, ಮಿತಭಾಷಿ ಎರಡೂ ತೆಗೆದೆ. ಬೀಗದ ಕೀ ಇದೆ, ಜೇಬಿನ ಗಡಿಯಾರ ಇದೆ. ಗೊತ್ತಾದ ಹತ್ತೊಂಬತ್ತು ಬ ಇದೆ, ಗೊತ್ತಾಗದ ನಲವತ್ತೈದೂ ಇದೆ. ನಾಟಕದ ದಿನದ ಬಗ್ಗೆ ನಾನೊಂದು ಸಾಲು, ತಮ್ಮ ಒಂದು ಸಾಲು ಬರೆದು ಎರಡನ್ನೂ ಹಾಗೇ ಬಿಟ್ಟೆವು. ಅಮ್ಮ ಬ್ಯಾಂಕಿಗೆ, ಶಾಲೆಗೆ, ಆಸ್ಪತ್ರೆಗೆ ಒಬ್ಬರೇ ಓಡಾಡಿದ್ದನ್ನೂ ಬರೆದೆ. ಆ ಸಾಲು ಒಗರು ಅವರದು.

ಕತ್ತಲ ಮಾತು ಅದರಲ್ಲಿಲ್ಲ. "ಅದು ನಂದು, ಅಲ್ಲಿ ಓದಬೇಡ" ಅಂದರು ಅಮ್ಮ. ಇಲ್ಲಿ ಬರೆದದ್ದು ಅವರನ್ನು ಕೇಳಿಯೇ. ಇಲ್ಲಿ ನಮ್ಮ ಹೆಸರಿಲ್ಲವಲ್ಲ.

ಅಪ್ಪನ ಶೆಡ್ಡಿನವರು ಆರು ಜನ ಬಂದಿದ್ದರು. ಮೊದಲು ಹಿಂದಿನ ಸಾಲಿನಲ್ಲಿ ಕೂತಿದ್ದರು. ನಾನು ಎದ್ದು ನಿಂತ ಕೂಡಲೇ ಆರೂ ಜನ ಎದ್ದು, ಕುರ್ಚಿ ಎತ್ತಿಕೊಂಡು ಮುಂದೆ ಬಂದು ಕೂತರು. ನಾನು ಕಾಗದವನ್ನು ಮುಖದ ಮುಂದೆ ಹಿಡಿದು ಓದಲು ಶುರು ಮಾಡಿದ್ದೆ. ಒಬ್ಬರು ಕತ್ತು ಚಾಚಿ ನೋಡುತ್ತಿದ್ದರು. ನನ್ನ ಬಾಯಿಯನ್ನು.

ಕಾಗದ ಎದೆಯ ಕೆಳಗೆ ಇಳಿಸಿ, ಮೊದಲಿನಿಂದ ಓದಿದೆ.